ಬಾಲಕ್ರೀಡಾಳುಗಳ ಊಟದ ವೇಳೆ

ನಮ್ಮ ಶಾಲಾ ಕ್ರೀಡಾಕೂಟಗಳಲ್ಲಿ ಅಧ್ಯಕ್ಷರ ಭಾಷಣಕ್ಕೆ ವೇಳೆ ಗೊತ್ತಾಗಿರುತ್ತದೆ, ಪಾರಿತೋಷಕ ವಿತರಣೆಗೂ ವೇಳೆ ಗೊತ್ತಾಗಿರುತ್ತದೆ. ಓಡತಕ್ಕ ಮಕ್ಕಳು ಉಣ್ಣತಕ್ಕ ವೇಳೆಯನ್ನು ಮಾತ್ರ ಯಾರೂ ಗೊತ್ತುಪಡಿಸುವುದಿಲ್ಲ. ನಸುಕಿನಲ್ಲಿ ಹಳ್ಳಿಯನ್ನು ಬಿಟ್ಟ ಹುಡುಗನು ಬರಿಯ ಚಹವನ್ನು ಕುಡಿದು ಬಂದು, ಹತ್ತು ಗಂಟೆಗೆ ಮೊದಲ ಸುತ್ತನ್ನು ಓಡಿ, ಒಂದು ಗಂಟೆಗೆ ಎಣ್ಣೆ ಸುರಿಯುವ ಚಿತ್ರಾನ್ನವನ್ನು ಹೊಟ್ಟೆ ತುಂಬ ಉಂಡು, ಎರಡಕ್ಕೆ ಅಂತಿಮ ಓಟಕ್ಕೆ ನಿಲ್ಲುತ್ತಾನೆ. ಅವನು ಪಕ್ಕೆ ಹಿಡಿದುಕೊಂಡು ಕುಳಿತರೆ, 'ಹುಡುಗನಿಗೆ ಕಸುವಿಲ್ಲ' ಎಂದು ನೆರೆದ ಮಹನೀಯರು ತೀರ್ಪು ಕೊಟ್ಟುಬಿಡುತ್ತಾರೆ. ಈ ತೀರ್ಪು ಅನ್ಯಾಯವಾದುದು.

1924ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್ ಮುಗಿದೊಡನೆ ವೈದ್ಯರು ಓಟಗಾರರ ರಕ್ತವನ್ನು ಪರೀಕ್ಷಿಸಲಾಗಿ, ತೀರ ಬಳಲಿದವರಲ್ಲಿ ಸಕ್ಕರೆಯ ಅಂಶವು ಬಹಳ ಇಳಿದಿದ್ದುದು ಕಂಡುಬಂದಿತು. ಮಾರನೆಯ ವರ್ಷ ಅವರಲ್ಲಿ ಕೆಲವರಿಗೆ ಓಟದ ನಡುವೆ ಮಿಠಾಯಿಯನ್ನು ಕೊಡಲು, ಅವರು ಸುಸ್ಥಿತಿಯಲ್ಲಿಯೇ ಗುರಿ ಮುಟ್ಟಿದರು. 1967ರಲ್ಲಿ ಸ್ವೀಡನ್ನಿನ ವಿದ್ವಾಂಸರು ಸ್ನಾಯುವಿನೊಳಗೆ ಶೇಖರವಾಗುವ ಗ್ಲೈಕೋಜನ್ ಎಂಬ ಪಿಷ್ಟವು ಹೆಚ್ಚಿದಷ್ಟೂ ಶ್ರಮವನ್ನು ಹೆಚ್ಚು ಹೊತ್ತು ತಾಳಬಹುದೆಂದು ತೋರಿಸಿಕೊಟ್ಟರು. ಶ್ರಮ ಮುಗಿದೊಡನೆ ಆಹಾರವನ್ನು ತೆಗೆದುಕೊಂಡವರಲ್ಲಿ ಈ ಕಣಜವು ಬೇಗನೆ ತುಂಬುತ್ತದೆ, ಎರಡು ಗಂಟೆ ತಡೆದವರಲ್ಲಿ ನಿಧಾನವಾಗುತ್ತದೆ ಎಂಬುದು 1988ರಲ್ಲಿ ಟೆಕ್ಸಾಸಿನಲ್ಲಿ ಸಿದ್ಧವಾಯಿತು.

ಇಷ್ಟರಿಂದ ಡಬ್ಬದ ಪುಡಿಗಳನ್ನು ಕೊಳ್ಳಬೇಕೆಂದು ಯಾರೂ ಭಾವಿಸತಕ್ಕದ್ದಲ್ಲ. ಪಂದ್ಯಕ್ಕೆ ಮೂರು ನಾಲ್ಕು ಗಂಟೆ ಮುಂಚಿತವಾಗಿ ಇಡ್ಲಿಯೋ ಮುದ್ದೆಯೋ ಅನ್ನಸಾರೋ, ಎಣ್ಣೆ ಮಿತವಾಗಿ. ಒಂದು ಗಂಟೆಯ ಮುಂಚೆ ಒಂದು ಬಾಳೆಯ ಹಣ್ಣು. ಎರಡು ಸುತ್ತುಗಳ ನಡುವೆ ಹಣ್ಣು, ಅವಲಕ್ಕಿ, ಪಾನಕ, ಉಪ್ಪು ಬೆರೆತ ಮಜ್ಜಿಗೆ. ಹೊಟ್ಟೆ ತುಂಬ ಊಟವು ಕೊನೆಯ ಪಂದ್ಯದ ತರುವಾಯವೇ ಆಗಲಿ. ಆಟ ಮುಗಿದ ಒಂದು ಗಂಟೆಯೊಳಗೆ, 50 ಕಿಲೋಗ್ರಾಂ ತೂಕದ ಬಾಲಕನಿಗೆ ಸುಮಾರು 50 ಗ್ರಾಂ ಶರ್ಕರಪಿಷ್ಟವೂ 15 ಗ್ರಾಂ ಪ್ರೋಟೀನೂ ಸೇರಿದರೆ ಸಾಕು. ಎರಡು ದೊಡ್ಡ ಬಾಳೆಯ ಹಣ್ಣು, ಒಂದು ಲೋಟ ಹಾಲು, ಎರಡು ಮೊಟ್ಟೆಗಳಲ್ಲಿ ಇದು ಹೆಚ್ಚು ಕಡಿಮೆ ಪೂರೈಸುತ್ತದೆ. ಮೊಟ್ಟೆ ವರ್ಜ್ಯವಾದವರಿಗೆ ಹುರಿಗಡಲೆಯಿದೆ. ಮುಂದಿನ ಪಂದ್ಯವು ಮಾರನೆಯ ದಿನವಿದ್ದಲ್ಲಿ ಗಡಿಯಾರವನ್ನು ಹಿಡಿದು ಕೂಡ್ರಬೇಕಾದುದೂ ಇಲ್ಲ. ದಿನವಿಡೀ ಉಂಡ ಒಟ್ಟು ಪ್ರಮಾಣವೇ ಅಲ್ಲಿ ಮುಖ್ಯವು. ಪುಡಿಯ ವ್ಯಾಪಾರಿಗಳು ಈ ಮಾತನ್ನು ಜಾಹೀರಾತಿನಲ್ಲಿ ಅಚ್ಚುಹಾಕಿಸುವುದಿಲ್ಲವೆಂಬುದು ಸಹಜವೇ.

ಬಾಲಕಿಯರ ವಿಷಯವು ಇದಕ್ಕಿಂತಲೂ ಗುರುತರವಾದುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡ 59 ಮಂದಿ ರಕ್ತಹೀನತೆಗೆ ಗುರಿಯಾಗಿದ್ದರು. ಇಂಥವರನ್ನು ಖೋಖೋ ಅಂಕಣಕ್ಕೆ ಇಳಿಸಿ, ಮನೆಯಲ್ಲಿ ಕಡೆಯ ಪಂಕ್ತಿಯಲ್ಲಿ ಉಣ್ಣಬಿಟ್ಟು, ಊಟದ ಜೊತೆಗೇ ಚಹ ಕುಡಿಸುವುದು ಯಾವ ವಿವೇಕ? ಚಹವು ಕಬ್ಬಿಣದ ಅಂಶವು ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ಸೊಪ್ಪಿನ ಪಲ್ಯಕ್ಕೆ ಹಿಂಡಿದ ನಿಂಬೆಯ ರಸವು ಅದಕ್ಕೆ ಸಹಾಯ ಮಾಡುತ್ತದೆ. ಶ್ರಮಕ್ಕೆ ತಕ್ಕಷ್ಟು ಉಣ್ಣದ ಬಾಲಕಿಯರಲ್ಲಿ ಮುಟ್ಟು ನಿಲ್ಲುವುದೂ, ಎಲುಬು ಶಿಥಿಲವಾಗುವುದೂ ಉಂಟು. ಈ ಬಗೆಯ ಕೊರತೆಯು ಗಂಡುಮಕ್ಕಳನ್ನೂ ಬಿಡುವುದಿಲ್ಲವೆಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು 2014ರಲ್ಲಿಯೇ ಎಚ್ಚರಿಕೆ ಕೊಟ್ಟಿರುತ್ತದೆ.

ಕ್ಷೀರಭಾಗ್ಯವು 2013ರಲ್ಲಿ ಪ್ರಾರಂಭವಾದುದರಿಂದ ನಮ್ಮ ಸರ್ಕಾರಿ ಶಾಲೆಗಳಿಗೆ ಹಾಲು ಬಂದಿತು. ಬೆಳಗಿನ ಅಭ್ಯಾಸ ಮುಗಿಸಿದ ಮಕ್ಕಳ ಕೈಗೆ ಆ ಲೋಟವು ಮೊದಲು ತಲಪುವಂತೆ ಮಾಡಲು ಮುಖ್ಯೋಪಾಧ್ಯಾಯರಿಗೆ ಮೇಲಿನ ಆಜ್ಞೆಯೇನೂ ಬೇಕಾಗುವುದಿಲ್ಲ. ವಿದ್ಯಾ ಇಲಾಖೆಯ ಅಧಿಕಾರಿಗಳು ಮಾಡಬಹುದಾದ ಕೆಲಸವು ಒಂದಿದೆ: ಕ್ರೀಡಾಕೂಟದ ಕಾರ್ಯಕ್ರಮ ಪತ್ರಿಕೆಯಲ್ಲಿ ಓಟಗಳ ವೇಳೆಯ ಪಕ್ಕದಲ್ಲಿ ಉಪಾಹಾರದ ವೇಳೆಯನ್ನೂ ಅಚ್ಚುಹಾಕಿಸುವುದು. ನಾಲ್ಕು ಗೊನೆ ಬಾಳೆಯ ಹಣ್ಣು, ಒಂದು ಕೊಳಗ ಮಜ್ಜಿಗೆಯ ಖರ್ಚನ್ನು ಅತಿಥಿಗಳ ಹಾರ ಶಾಲುಗಳ ಬಾಬಿನಿಂದಲೇ ತೆಗೆಯಬಹುದು; ಅತಿಥಿಗಳು ಬೇಸರಪಡಲಾರರೆಂದು ನಾವು ನಂಬುತ್ತೇವೆ.