ಸಸಿ ಎಣಿಸುವ ಮುನ್ನ ಮಣ್ಣು ನೋಡಿ

ಬಳ್ಳಾರಿಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ತಡೆ ಹಾಕಿತು. ಮುಂದೆ ಗಣಿಗಳಿಗೆ ಮತ್ತೆ ಅನುಮತಿ ಸಿಕ್ಕಿದ್ದು, ಅಗೆದ ನೆಲವನ್ನು ಸರಿಪಡಿಸುವ ಯೋಜನೆ ಜಾರಿಗೊಳಿಸಬೇಕೆಂಬ ಷರತ್ತಿನ ಮೇಲೆ. ಗಣಿ ತ್ಯಾಜ್ಯದ ದಿಬ್ಬಗಳ ಮೇಲೆ ಸಸಿ ನೆಡುವುದು ಅದರ ಒಂದು ಭಾಗ. ಅದು ಆಗಲೇಬೇಕಾದ ಕೆಲಸ. ಆದರೆ ಕಾಡು ಮರಳಿ ಬೆಳೆಸುವ ಯಾವ ಕಾಮಗಾರಿಯ ಲೆಕ್ಕ ಕೇಳಿದರೂ ಮೊದಲು ಸಿಗುವುದು ಎಷ್ಟು ಗುಂಡಿ ತೋಡಿದರು, ಎಷ್ಟು ಸಸಿ ನೆಟ್ಟರು ಎಂಬ ಅಂಕಿ. ಆ ಗುಂಡಿಯ ಮಣ್ಣಿಗೆ ಮರ ಸಾಕುವ ಶಕ್ತಿ ಇದೆಯೇ ಎಂದು ಕೇಳುವವರು ಕಡಿಮೆ. ಈ ಪ್ರಶ್ನೆ ಕೇಳಬೇಕಾದ ಮಣ್ಣು ವಿಜ್ಞಾನಿಗೆ ಇಂಥ ಕಾಮಗಾರಿಗಳಲ್ಲಿ ಮೊದಲ ಜಾಗ ಸಿಗಬೇಕು.

ಗಣಿ ದಿಬ್ಬದಲ್ಲಿರುವುದು ನಾವು ಮಣ್ಣು ಎಂದು ಕರೆಯುವ ವಸ್ತುವೇ ಅಲ್ಲ. ಅದಿರಿಗಾಗಿ ಆಳದಿಂದ ಎತ್ತಿ ಸುರಿದ ಕಲ್ಲು, ಪುಡಿ. ಅದರಲ್ಲಿ ಕೊಳೆತ ಎಲೆಯ ಅಂಶವಿಲ್ಲ, ಸಾರಜನಕ ತೀರ ಕಡಿಮೆ. ಇರುವ ರಂಜಕವನ್ನೂ ಕಬ್ಬಿಣದ ಆಕ್ಸೈಡುಗಳು ಹಿಡಿದಿಟ್ಟುಕೊಳ್ಳುತ್ತವೆ. ಕಾಡಿನಲ್ಲಿ ಈ ಹಿಡಿತ ಬಿಡಿಸಿ ಬೇರಿಗೆ ರಂಜಕ ತಲುಪಿಸುವುದು ಮೈಕೊರೈಜಾ ಎಂಬ ಶಿಲೀಂಧ್ರಗಳ ಎಳೆಗಳು. ಹೊಸದಾಗಿ ಸುರಿದ ದಿಬ್ಬದಲ್ಲಿ ಅವು ಇಲ್ಲವೆನ್ನುವಷ್ಟು ಕಡಿಮೆ. ಟಿಪ್ಪರುಗಳು ಓಡಾಡಿದ ನೆಲವಂತೂ ಒಲೆಯ ಕಟ್ಟೆಯಂತೆ ಬಿಗಿದಿರುತ್ತದೆ. ಈ ಬಿಗಿತವನ್ನು ಅಳೆಯುವ ವಿಧಾನ ಸರಳ. ಉಕ್ಕಿನ ಉಂಗುರವನ್ನು ನೆಲಕ್ಕೆ ಬಡಿದು, ಅದರೊಳಗಿನ ಮಣ್ಣನ್ನು ಕದಡದೆ ತೆಗೆದು, 105 ಡಿಗ್ರಿ ಶಾಖದಲ್ಲಿ ಒಣಗಿಸಿ ತೂಗುತ್ತಾರೆ. ಜೇಡಿ ಹೆಚ್ಚಿರುವ ಮಣ್ಣು ಘನ ಸೆಂಟಿಮೀಟರಿಗೆ ಸುಮಾರು 1.5 ಗ್ರಾಂ ದಾಟಿದರೆ ಬೇರು ಮುಂದೆ ಹೋಗಲು ಹೆಣಗುತ್ತದೆ. ಅಂಥ ಕಡೆ ತೋಡಿದ ಗುಂಡಿ ಹೂಕುಂಡವಾಗುತ್ತದೆ: ಬೇರು ಒಳಗೇ ಸುತ್ತುತ್ತದೆ, ಮಳೆಗಾಲದಲ್ಲಿ ಚಿಗುರಿದ ಸಸಿ ಬೇಸಿಗೆಗೆ ಒಣಗುತ್ತದೆ. ಮರುವರ್ಷ ಅದೇ ಗುಂಡಿಗೆ ಇನ್ನೊಂದು ಸಸಿ, ಇನ್ನೊಂದು ಬಿಲ್ಲು.

ಗಣಿಗಾರಿಕೆಗೆ ಮುನ್ನ ಮೇಲ್ಮಣ್ಣನ್ನು ತೆಗೆದು ರಾಶಿ ಹಾಕಿರುತ್ತೇವೆ, ಅದನ್ನೇ ಹರಡಿದರಾಯಿತು ಎನ್ನುವವರಿದ್ದಾರೆ. ರಾಶಿ ಎತ್ತರವಾಗಿದ್ದು ವರ್ಷಗಟ್ಟಲೆ ಬಿದ್ದಿದ್ದರೆ ಒಳಗೆ ಗಾಳಿಯಾಡದೆ ಬೀಜ, ಶಿಲೀಂಧ್ರ ಎರಡೂ ಸಾಯುತ್ತಾ ಬರುತ್ತವೆ. ಅಕೇಸಿಯಾ ಎಲ್ಲಿ ಬೇಕಾದರೂ ಬೆಳೆಯುತ್ತದಲ್ಲ ಎಂಬ ಮಾತಿನಲ್ಲಿ ಸತ್ಯವಿದೆ. ಬಡ ನೆಲದಲ್ಲೂ ಅದು ಗಾಳಿಯ ಸಾರಜನಕ ಹಿಡಿದು ಬದುಕುತ್ತದೆ. ಆದರೆ ಬೇಗ ಕೊಳೆಯದ ಅದರ ದರಗಿನ ಕೆಳಗೆ ಸ್ಥಳೀಯ ಗಿಡಗಳು ಸುಲಭವಾಗಿ ಮೇಲೇಳುವುದಿಲ್ಲ. ನೆಡುತೋಪು ಹಸಿರಾದ ಮಾತ್ರಕ್ಕೆ ಕಾಡು ಬಂತೆನ್ನಲಾಗದು. ಎಲ್ಲ ಕಡೆಗೂ ಒಂದೇ ಔಷಧಿ ನಡೆಯುವುದೂ ಇಲ್ಲ. 2005ರ ಕೊನೆಗೆ ಗಣಿಗಾರಿಕೆ ನಿಂತ ಕುದುರೆಮುಖದಲ್ಲಿ, ಲಖ್ಯಾ ಅಣೆಕಟ್ಟೆಯ ಹಿಂದೆ ತುಂಬಿರುವುದು ನುಣ್ಣಗೆ ಅರೆದ ಬಂಡೆ. ಬಳ್ಳಾರಿ ಜಿಲ್ಲೆಯ ಸಂಡೂರಿನ ಗಣಿ ದಿಬ್ಬದ ಲೆಕ್ಕ ಅಲ್ಲಿಗೆ ಹೊಂದದು. ನೈಸರ್ಗಿಕ ಹುಲ್ಲುಗಾವಲಿನಲ್ಲಾದರೆ ಗುಂಡಿಯನ್ನೇ ತೋಡಬಾರದು ಎಂಬುದು ಮಣ್ಣು ಬಲ್ಲವರ ಸಲಹೆಯಾಗಬಹುದು.

ಪರೀಕ್ಷೆಗೆ ಹಣ, ಸಮಯ ಎರಡೂ ಬೇಕು, ನಿಜ. ಆದರೂ ಸತ್ತ ಸಸಿಯ ಜಾಗಕ್ಕೆ ವರ್ಷವರ್ಷವೂ ಮರುನಾಟಿ ಮಾಡುವ ಖರ್ಚಿನ ಮುಂದೆ ಅದು ದೊಡ್ಡದಲ್ಲ. ರೈತನ ಹೊಲಕ್ಕೆ 2015ರಿಂದ ಮಣ್ಣು ಆರೋಗ್ಯ ಕಾರ್ಡ್ ಕೊಡುವ ಸರ್ಕಾರಕ್ಕೆ ಈ ಶಿಸ್ತು ಹೊಸದೂ ಅಲ್ಲ. ಮುಂದಿನ ಮುಂಗಾರಿಗೆ ಗುಂಡಿ ತೋಡುವ ಮೊದಲು ಅರಣ್ಯ ಇಲಾಖೆ ಪ್ರತಿ ತಾಣದ ಮಣ್ಣಿನ ವರದಿಯನ್ನು ಆಯಾ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕಲಿ. ವರದಿ ಇಲ್ಲದ ಕಾಮಗಾರಿಗೆ ಬಿಲ್ಲು ಪಾಸಾಗದಿರಲಿ.