ಮಾತಿನ ಅರ್ಥವನ್ನು ಯಾರು ಬರೆಯಬೇಕು?

ಹೋದ ಸಲ ಗಿರಣಿಯೊಂದರ ಮಾಲೀಕರ ಮುಂದೆ ನಾವು ಇಟ್ಟ ಬೇಡಿಕೆ ಪತ್ರದಲ್ಲಿ ಒಂದು ಸಾಲಿತ್ತು: “ಹಳೆಯ ಬದಲಿ ಕಾರ್ಮಿಕರನ್ನು ಕಾಯಂ ಮಾಡಬೇಕು.” ಮಾಲೀಕರ ಕಡೆಯವರು ಓದಿ ನಕ್ಕರು. “ಹಳೆಯ ಎಂದರೆ ಎಷ್ಟು ಹಳೆಯದು? ಬದಲಿ ಎಂದರೆ ಯಾರು?” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಬೇಡಿಕೆ ನ್ಯಾಯವಾಗಿತ್ತು, ವಾಕ್ಯ ಸಡಿಲವಾಗಿತ್ತು. ಆ ಸಡಿಲಿನಲ್ಲೇ ಮಾಲೀಕರು ನುಸುಳಿಕೊಂಡರು.

ಬಂಧುಗಳೇ, ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಮಕ್ಕಳು ಒಂದು ಪದಕ್ಕೆ ಇನ್ನೊಂದು ಪದ ಬರೆದು ‘ಅರ್ಥ’ ಎನ್ನುತ್ತಿದ್ದರು. ಪರೀಕ್ಷೆಗೆ ಅಷ್ಟು ಸಾಕು. ಹೊಟ್ಟೆಪಾಡಿನ ಪದಕ್ಕೆ ಸಾಲದು. ಅದರ ಅರ್ಥವನ್ನು ಬಿಡಿಸಿ, ಬೆಳೆಸಿ, ಬೇಲಿ ಹಾಕಿ ಬರೆಯಬೇಕು. ಈ ವಿದ್ಯೆ ವಕೀಲರ ಸ್ವತ್ತೇನೂ ಅಲ್ಲ.

‘ಬದಲಿ’ಯನ್ನೇ ನೋಡಿ. 1947ರ ಕೈಗಾರಿಕಾ ವಿವಾದ ಕಾಯಿದೆ ಲೇ-ಆಫ್ ಪರಿಹಾರದ ಭಾಗದಲ್ಲಿ ಇದಕ್ಕೆ ಅರ್ಥ ಬರೆದಿತ್ತು. ಮೊದಲು ಜಾತಿ: ಆತ ಕಾರ್ಮಿಕ. ಆಮೇಲೆ ಭೇದ: ಹಾಜರಿ ಪಟ್ಟಿಯಲ್ಲಿ ಹೆಸರಿರುವ ಇನ್ನೊಬ್ಬನ ಜಾಗದಲ್ಲಿ ದುಡಿಯುವವ. ಕೊನೆಗೆ ಗಡಿ: ಒಂದು ವರ್ಷ ನಿರಂತರ ಸೇವೆ ಮುಗಿಸಿದರೆ, ಆ ಪರಿಹಾರದ ಮಟ್ಟಿಗೆ, ಆತ ಬದಲಿಯಲ್ಲ.

ಹಾಗಾದರೆ ‘ನಿರಂತರ’ ಎಂದರೇನು? ಅರ್ಥದೊಳಗಿನ ಪದಕ್ಕೂ ಅರ್ಥ ಬೇಕು. ಕಾಯಿಲೆ, ಮಂಜೂರಾದ ರಜೆ, ಅಪಘಾತ, ಕಾನೂನುಬದ್ಧ ಮುಷ್ಕರ, ಬೀಗಮುದ್ರೆ: ಇವುಗಳಿಂದ ಸೇವೆ ಮುರಿಯುವುದಿಲ್ಲ ಎಂದು ಕಾಯಿದೆ ಬಿಡಿಸಿ ಹೇಳಿತು. ಲೆಕ್ಕವನ್ನೂ ಕೊಟ್ಟಿತು: 12 ತಿಂಗಳಲ್ಲಿ 240 ದಿನ ದುಡಿದಿದ್ದರೆ ವರ್ಷದ ಸೇವೆ. ಈ 240 ನಮ್ಮ ಪತ್ರದಲ್ಲಿದ್ದಿದ್ದರೆ ‘ಎಷ್ಟು ಹಳೆಯದು’ ಎಂದು ನಗುವವರ ಬಾಯಿ ಕಟ್ಟುತ್ತಿತ್ತು.

ವ್ಯಾಪಾರಿ ಮಿತ್ರರು ಇದು ತಮಗೆ ಸಂಬಂಧವಿಲ್ಲ ಎನ್ನಬೇಡಿ. 2014ರ ಬೀದಿ ವ್ಯಾಪಾರಿಗಳ ಕಾಯಿದೆ ತೆರೆದು ನೋಡಿ. ಬೀದಿ, ಓಣಿ, ಕಾಲುದಾರಿ, ಉದ್ಯಾನ ಎಂದು ಜಾಗಗಳನ್ನು ಒಂದೊಂದಾಗಿ ಎಣಿಸಿದೆ. ತಾತ್ಕಾಲಿಕ ಕಟ್ಟೆಯಲ್ಲಿ ಕೂತು ಮಾರುವವನನ್ನೂ ತಿರುಗಾಡಿ ಮಾರುವವನನ್ನೂ ಸೇರಿಸಿದೆ. ಆಯಾ ಊರಿನಲ್ಲಿ ಬೇರೆ ಹೆಸರಿನಿಂದ ಕರೆದರೂ ಆತ ಬೀದಿ ವ್ಯಾಪಾರಿಯೇ ಎಂದಿದೆ. ತಳ್ಳುಗಾಡಿಯನ್ನು ಎತ್ತಿಸಲು ಬಂದವರು ‘ನೀನು ಆ ಪಟ್ಟಿಗೆ ಸೇರಿದವನಲ್ಲ’ ಎಂದರೆ, ತೋರಿಸಬೇಕಾದದ್ದು ಈ ಸಾಲುಗಳನ್ನು.

ಆದರೆ ಇದೇ ವಿದ್ಯೆ ನಮ್ಮನ್ನು ಹೊರಹಾಕಲೂ ಒದಗುತ್ತದೆ. 1978ರಲ್ಲಿ ಬೆಂಗಳೂರು ನೀರು ಸರಬರಾಜು ಮಂಡಳಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ‘ಕೈಗಾರಿಕೆ’ಯ ಅರ್ಥವನ್ನು ಹಿಗ್ಗಿಸಿತು. ವ್ಯವಸ್ಥಿತ ಕೆಲಸವಿರಬೇಕು, ಧಣಿ, ನೌಕರರ ಸಹಕಾರವಿರಬೇಕು, ಜನರಿಗೆ ಬೇಕಾದ ಸರಕು ಅಥವಾ ಸೇವೆ ಹುಟ್ಟಬೇಕು. ಲಾಭದ ಉದ್ದೇಶ ಇರಲೇಬೇಕಿಲ್ಲ. ಹೀಗೆ ಆಸ್ಪತ್ರೆ, ವಿದ್ಯಾಸಂಸ್ಥೆಗಳ ನೌಕರರಿಗೂ ಬಾಗಿಲು ತೆರೆಯಿತು.

2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಏನು ಮಾಡಿತು? ಆ ಮೂರು ಲಕ್ಷಣಗಳನ್ನು ಬರೆದುಕೊಂಡು, ಕೆಳಗೆ ‘ಇವು ಸೇರುವುದಿಲ್ಲ’ ಎಂಬ ಪಟ್ಟಿ ಹಚ್ಚಿತು. ಧರ್ಮಾರ್ಥ ಸಂಸ್ಥೆಗಳು ಹೊರಗೆ. ಮನೆಗೆಲಸ ಹೊರಗೆ. ಕೇಂದ್ರ ಸರ್ಕಾರ ಅಧಿಸೂಚನೆಯಲ್ಲಿ ಹೆಸರಿಸುವ ಬೇರಾವುದೇ ಕೆಲಸವೂ ಹೊರಗೆ! ಮುಂದಿನಿಂದ ಕರೆದು ಹಿತ್ತಲಿನಿಂದ ದಬ್ಬುವುದೆಂದರೆ ಇದೇ. ಯಾರದೋ ಮನೆಯಲ್ಲಿ ಪಾತ್ರೆ ತೊಳೆಯುವ ತಾಯಿ ದುಡಿಯುವುದಿಲ್ಲವೇ? ಆಕೆಯ ಬೆವರು ಬೆವರಲ್ಲವೇ?

ಆದ್ದರಿಂದ ನಮ್ಮ ಸಂಘದ ಪ್ರತಿಯೊಂದು ಪತ್ರದಲ್ಲೂ ಮುಖ್ಯ ಪದದ ಕೆಳಗೆ ಐದು ಉತ್ತರ ಬರೆಯೋಣ. ಅದು ಯಾವ ಜಾತಿಯದು? ಅದರಂಥ ಬೇರೆಯವುಗಳಿಂದ ಹೇಗೆ ಭಿನ್ನ? ಅದರಲ್ಲಿ ಯಾರ್ಯಾರು, ಏನೇನು ಸೇರುತ್ತದೆ? ಏನು ಸೇರುವುದಿಲ್ಲ? ಎಲ್ಲಿಂದ ಎಲ್ಲಿಯವರೆಗೆ? ಕೊನೆಗೆ ನಮ್ಮ ಖಾತೆಯಿಂದಲೇ ಒಂದು ಉದಾಹರಣೆ ಕೊಡೋಣ. ಎದುರಿನವರು ಬರೆದ ಕಾಗದ ಬಂದಾಗ ‘ಸೇರುವುದಿಲ್ಲ’ ಎಂಬ ಪಟ್ಟಿಯನ್ನೇ ಮೊದಲು ಓದೋಣ.

ಬದಲಿ ಕಾರ್ಮಿಕರ ಆ ಬೇಡಿಕೆಯನ್ನು ನಾವು ಮತ್ತೆ ಬರೆಯುತ್ತಿದ್ದೇವೆ. ಪ್ರತಿಯೊಬ್ಬ ಬದಲಿಯೂ ತಾನು ದುಡಿದ ದಿನಗಳನ್ನು ಎಣಿಸಿ ತರಲಿ. ಈ ಸಲ ಅರ್ಥ ನಮ್ಮ ಕೈಬರಹದಲ್ಲಿರುತ್ತದೆ.