ಹೆಗ್ಗಣಕ್ಕೆ ಇಟ್ಟ ವಿಷ ಯಾರ ಬಾಯಿಗೆ?

ಮಳೆ ಹಿಡಿದರೆ ಸಾಕು, ನಮ್ಮೂರ ಹಳೆ ಬಡಾವಣೆಗಳ ಹಿತ್ತಿಲಲ್ಲಿ ಹೆಗ್ಗಣಗಳ ದರ್ಬಾರು ಶುರು. ರಾತ್ರಿ ನೆಟ್ಟಗಿದ್ದ ಬಾಳೆಗಿಡ ಬೆಳಿಗ್ಗೆ ವಾಲಿರುತ್ತದೆ. ಬಚ್ಚಲ ಗೋಡೆ ಬುಡದಲ್ಲಿ ಬುಟ್ಟಿಗಟ್ಟಲೆ ಮಣ್ಣು. ನೆಟ್ಟ ಗೆಣಸಿನಲ್ಲಿ ಅರ್ಧ ಪಾಲು ಅವಕ್ಕೆ.

ಜನ ಏನ್ಮಾಡ್ತಾರೆ? ಸೀದಾ ಅಂಗಡಿಗೆ ಹೋಗಿ ಇಲಿ ಪಾಷಾಣ ತರ್ತಾರೆ. ಟೊಮೇಟೊ ಹೋಳಿಗೆ ಸವರಿ ಬಿಲದ ಬಾಯಲ್ಲಿ ಇಡ್ತಾರೆ. ಚೌತಿ ದಿನ ಗಣಪನ ವಾಹನಕ್ಕೆ ಕೈಮುಗಿದವರೂ ಇವರೇ! ಹೆಗ್ಗಣಕ್ಕೆ ಆರತಿ ಎತ್ತಿ ಎಂದು ನಾವೇನೂ ಹೇಳುತ್ತಿಲ್ಲ. ಕೇಳುವುದಿಷ್ಟೆ: ಈ ವಿಷ ಕೊಲ್ಲುವುದು ಯಾರನ್ನು?

ಹೆಗ್ಗಣ ದಡ್ಡ ಪ್ರಾಣಿಯಲ್ಲ. ಜಿಂಕ್ ಫಾಸ್ಫೈಡ್ ಎಂಬ ಕಪ್ಪು ಪುಡಿ ಬೆರೆತ ತಿಂಡಿಯನ್ನು ಚೂರು ತಿಂದು, ಸಂಕಟಪಟ್ಟು ಬದುಕಿಕೊಂಡರೆ, ಮತ್ತೆ ಅದನ್ನು ಮುಟ್ಟುವುದಿಲ್ಲ. ಆದರೆ ನಾಯಿಗೆ, ಬೆಕ್ಕಿಗೆ, ಅಂಗಳದಲ್ಲಿ ಆಡುವ ಮಗುವಿಗೆ ಆ ಬುದ್ಧಿ ಎಲ್ಲಿಂದ ಬರಬೇಕು? ಈ ಪುಡಿ ಹೊಟ್ಟೆಯೊಳಗೆ ವಿಷದ ಗಾಳಿ ಹುಟ್ಟಿಸುತ್ತದೆ. ಕೆಲವು ಪೇಸ್ಟುಗಳಲ್ಲಿರುವ ಹಳದಿ ರಂಜಕ ಯಕೃತ್ತನ್ನೇ ಕೆಡಿಸುತ್ತದೆ. ಮೊದಲ ದಿನ ಚೆನ್ನಾಗಿಯೇ ಕಾಣುವ ರೋಗಿ ಆಮೇಲೆ ಕೈಮೀರುವುದುಂಟು. ಎರಡಕ್ಕೂ ಪ್ರತಿವಿಷವಿಲ್ಲ. ಮಗು ಬಾಯಿಗೆ ಹಾಕಿತೆಂಬ ಅನುಮಾನ ಬಂದರೂ ಸಾಕು, ಮನೆಮದ್ದು ಮಾಡುತ್ತ ಕೂರಬೇಡಿ. ವಿಷದ ಪೊಟ್ಟಣದ ಸಮೇತ ಆಸ್ಪತ್ರೆಗೆ ಓಡಿ.

ಹಾಗಾದ್ರೆ ಸುಮ್ನೆ ಇರೋದಾ? ಅಲ್ಲ. ಸಂಜೆ ಎಲ್ಲ ಬಿಲಗಳ ಬಾಯಿಗೆ ಮಣ್ಣು ಮುಚ್ಚಿ. ಬೆಳಿಗ್ಗೆ ತೆರೆದುಕೊಂಡದ್ದೇ ವಾಸದ ಬಿಲ. ಅದು ಗೋಡೆಗೆ ತಾಗಿದ್ದರೆ ಜಲ್ಲಿ, ಸಿಮೆಂಟು ಹಾಕಿ ಭದ್ರ ಮಾಡಿ. ಬೇಲಿ ಮೂಲೆಯದಾದರೆ ಇರಲಿ ಬಿಡಿ. ಬಚ್ಚಲ ಮೋರಿಗೆ ಜಾಲರಿ ಹಾಕಿ. ಮುಸುರೆ, ಕೋಳಿ ಕಾಳು ರಾತ್ರಿ ಹೊರಗಿಡಬೇಡಿ. ಬಿಲಕ್ಕೆ ಮಾತ್ರ ಕೈ ಹಾಕಬೇಡಿ, ಖಾಲಿ ಬಿಲದಲ್ಲಿ ನಾಗರಹಾವು ಸೇರಿರಬಹುದು.

ಕೇರೆ ಹಾವು, ಮುಂಗುಸಿ, ಗೂಬೆ ಇವೆಲ್ಲ ಸಂಬಳ ಕೇಳದ ಕಾವಲುಗಾರರು. ಕೇರೆಗೆ ವಿಷವಿಲ್ಲ. ಅದನ್ನು ಬಡಿಯುವುದು 1972ರ ವನ್ಯಜೀವಿ ಕಾಯಿದೆ ಪ್ರಕಾರ ಅಪರಾಧ. ಅಪಶಕುನವೆಂದು ಗೂಬೆಗೆ ಕಲ್ಲು ಬೀರಿದರೆ ನಷ್ಟ ನಮಗೇ. ವಿಷ ತಿಂದ ಹೆಗ್ಗಣವನ್ನು ನುಂಗಿದರೆ ಈ ಕಾವಲುಗಾರರ ಜೀವಕ್ಕೂ ಕುತ್ತು.

ಇನ್ನು ಪೌರಸಂಸ್ಥೆಯವರ ಪಾಲಿನ ಮಾತು. ಒಬ್ಬ ತನ್ನ ಹಿತ್ತಿಲು ಶುಚಿ ಮಾಡಿದರೆ ಏನಾದೀತು? ಹೆಗ್ಗಣಗಳ ರಾಜಬೀದಿಯೇ ಚಪ್ಪಡಿ ಕಿತ್ತುಹೋದ ಚರಂಡಿ, ಅವುಗಳ ಹೋಟೆಲೇ ರಸ್ತೆ ಮೂಲೆಯ ಕಸದ ರಾಶಿ. 1964ರ ಕರ್ನಾಟಕ ಪೌರಸಭೆಗಳ ಕಾಯಿದೆಯಲ್ಲಿ ಚರಂಡಿ, ಬೀದಿ ಶುಚಿ ಮಾಡಿಸುವುದು ಕಡ್ಡಾಯ ಕರ್ತವ್ಯ, ಧರ್ಮಕ್ಕೆ ಮಾಡುವ ಉಪಕಾರವಲ್ಲ. ಇಲಿ, ಹೆಗ್ಗಣಗಳ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ಹರಡುತ್ತದೆ. ಮೊದಲು ಬಲಿಯಾಗುವವರು ಗಾಯದ ಕಾಲಲ್ಲಿ ಮೋರಿಗಿಳಿಯುವ ಬಡಪಾಯಿಗಳು. ಅವರಿಗೆ ಬೂಟು, ಕೈಗವಸು ಕೊಡುವುದಕ್ಕೂ ಮೀನಮೇಷವೇ?

ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಎಣಿಸುವ ಚಾಳಿ ಜನರೂ ಬಿಡಲಿ, ಅಧಿಕಾರಿಗಳೂ ಬಿಡಲಿ. ಹಿತ್ತಿಲ ಮೂಲೆಯಲ್ಲೊಂದು ಬಿಲವಿದ್ದರೆ ಸಂಸಾರ ಮುಳುಗದು. ಪಾಷಾಣದ ಟೊಮೇಟೊ ಮಗುವಿನ ಕೈಗೆ ಸಿಕ್ಕರೆ?